ಬೋಗುಣಿಯ ತಳದಲ್ಲಿ ಉಳಿದ ಉಪ್ಪು

(ಶಾಲೆಯ ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಐವತ್ತು ವರ್ಷ ತುಂಬಿದ ಸರಕಾರಿ ಪ್ರೌಢಶಾಲೆಯ ಅಂಗಳದಲ್ಲಿ ವಿಜ್ಞಾನದ ಮಾತಾಡುವುದು ಸಂತೋಷದ ಸಂಗತಿ. ದೊಡ್ಡ ಯಂತ್ರಗಳ ಮಾತು ಇವತ್ತು ಬೇಡ. ಒಂದು ಬೋಗುಣಿ, ಒಂದು ಗ್ಲಾಸು, ಎರಡು ಚಮಚ ಉಪ್ಪು ಸಾಕು.

ಅಗಲವಾದ ಬೋಗುಣಿಯಲ್ಲಿ ಎರಡು ಇಂಚು ನೀರು ಹಾಕಿ ಉಪ್ಪು ಕರಗಿಸಿರಿ. ನಡುವೆ ಖಾಲಿ ಗ್ಲಾಸು ಇಡಿರಿ. ಅದರ ಬಾಯಿ ನೀರಿಗಿಂತ ಮೇಲೆ, ಬೋಗುಣಿಯ ಅಂಚಿಗಿಂತ ಕೆಳಗೆ ಇರಬೇಕು. ಗ್ಲಾಸು ತೇಲದಂತೆ ಒಳಗೊಂದು ತೊಳೆದ ಕಲ್ಲು ಹಾಕಿರಿ. ಬೋಗುಣಿಯ ಬಾಯಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿ ದಾರದಿಂದ ಕಟ್ಟಿರಿ. ಹಾಳೆಯ ಮೇಲೆ, ಗ್ಲಾಸಿನ ನೇರಕ್ಕೆ, ಸಣ್ಣ ಹರಳೊಂದನ್ನಿಟ್ಟರೆ ಅಲ್ಲಿ ತಗ್ಗಾಗುತ್ತದೆ. ಬೆಳಿಗ್ಗೆ ಬಿಸಿಲಿಗಿಟ್ಟು ಸಂಜೆ ಬಿಚ್ಚಿರಿ. ಗ್ಲಾಸಿನಲ್ಲಿ ಒಂದಿಷ್ಟು ನೀರು ಕೂಡಿರುತ್ತದೆ. ಅದರ ಒಂದು ಹನಿಯನ್ನೂ, ಬೋಗುಣಿಯ ಒಂದು ಹನಿಯನ್ನೂ ಸ್ಟೀಲ್ ತಾಟಿನ ಮೇಲೆ ಬೇರೆ ಬೇರೆ ಒಣಗಿಸಿರಿ. ಬೋಗುಣಿಯ ಹನಿ ಬಿಳಿ ಕಲೆ ಬಿಡುತ್ತದೆ, ಗ್ಲಾಸಿನದು ಬಿಡುವುದಿಲ್ಲ.

ನೀರು ಆವಿಯಾಗಿ ಮೇಲೇರಿತು, ಹಾಳೆಗೆ ತಾಗಿ ತಂಪಾಗಿ ಹನಿಯಾಯಿತು, ಜಾರಿ ಗ್ಲಾಸಿಗೆ ಬಿತ್ತು. ಉಪ್ಪು ಮಾತ್ರ ಏಳಲಾರದೆ ತಳದಲ್ಲೇ ಕುಳಿತಿತು.

ಇದು ಬರೀ ಆಟವಲ್ಲ. 1872ರಲ್ಲಿ ಚಿಲಿ ದೇಶದ ಲಾಸ್ ಸಲಿನಾಸ್‌ನಲ್ಲಿ ಗಾಜಿನ ಮುಚ್ಚಳದ ದೊಡ್ಡ ತೊಟ್ಟಿಗಳನ್ನು ಕಟ್ಟಿ ಇದೇ ಬಗೆಯಲ್ಲಿ ಸಿಹಿ ನೀರು ತೆಗೆದರು. ನಮ್ಮ ಲಕ್ಷದ್ವೀಪದ ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನೇ ಆವಿ ಮಾಡಿ, ಆಳದ ತಣ್ಣೀರಿನಿಂದ ತಂಪುಗೊಳಿಸಿ, ದಿನಕ್ಕೆ 1 ಲಕ್ಷ ಲೀಟರ್ ಸಿಹಿ ನೀರು ತೆಗೆಯುವ ಘಟಕವಿದೆ.

ಹಾಗಾದರೆ ಎಲ್ಲರೂ ಹೀಗೇ ಮಾಡಬಾರದೇಕೆ? ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.65 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಒಂದು ಚದರ ಮೀಟರ್ ತೊಟ್ಟಿಯಿಂದ ಒಳ್ಳೆಯ ಬಿಸಿಲಿನ ದಿನ ಸಿಗುವುದು 3–4 ಲೀಟರ್ ಮಾತ್ರ. ಗ್ಲಾಸಿನ ತಳದ ಆ ಕೆಲವು ಚಮಚ ನೀರು ಸಿಹಿ ನೀರಿನ ಬೆಲೆಯನ್ನು ಹೇಳುತ್ತದೆ.

ಆ ಬೆಲೆಯನ್ನು ನಮ್ಮ ಪರವಾಗಿ ಸೂರ್ಯನೇ ಕೊಡುತ್ತಿದ್ದಾನೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅರಬ್ಬಿ ಸಮುದ್ರ ದೊಡ್ಡ ಬೋಗುಣಿ. ಮೇಲಿನ ತಂಪು ಗಾಳಿಯೇ ಹಾಳೆ. ಸಹ್ಯಾದ್ರಿಯ ಮೇಲೆ ಬಿದ್ದ ಮಳೆ ಹಿರಣ್ಯಕೇಶಿಯಾಗಿ, ಘಟಪ್ರಭೆಯಾಗಿ ಹರಿದು ಬರುತ್ತದೆ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ, 51 ಟಿ.ಎಂ.ಸಿ. ಹಿಡಿಯುವ ನಮ್ಮ ಗ್ಲಾಸು. ಅಲ್ಲಿಂದ ಧೂಪದಾಳದ ಒಡ್ಡು, ಕಾಲುವೆ, ನಮ್ಮ ಹೊಲ.

ಈಗ ಗ್ಲಾಸನ್ನು ಬಿಟ್ಟು ಬೋಗುಣಿಯ ತಳ ನೋಡೋಣ. ನಮ್ಮ ರೈತರು ‘ಸವಳು’ ಎನ್ನುವುದು ಅಲ್ಲಿದೆ. ಕಾಲುವೆಯ ನೀರು ಸಿಹಿಯಾದರೂ ಅದರಲ್ಲಿ ಅಲ್ಪ ಲವಣ ಇದ್ದೇ ಇರುತ್ತದೆ. ಲೀಟರಿಗೆ 200 ಮಿಲಿಗ್ರಾಂ ಎಂದು ಲೆಕ್ಕಕ್ಕೆ ಹಿಡಿಯೋಣ. ಕುಡಿಯುವ ನೀರಿನ ಭಾರತೀಯ ಮಾನಕ 500 ಮಿಲಿಗ್ರಾಂವರೆಗೆ ಒಪ್ಪುತ್ತದೆ, ಆದ್ದರಿಂದ ನಾಲಿಗೆಗೆ ಗೊತ್ತೇ ಆಗದು. ಒಂದು ಎಕರೆ ಕಬ್ಬಿಗೆ ವರ್ಷದಲ್ಲಿ ಒಟ್ಟು ಒಂದು ಮೀಟರ್ ಎತ್ತರದಷ್ಟು ನೀರು ಹಾಯಿಸಿದರೆ 40 ಲಕ್ಷ ಲೀಟರ್ ಆಯಿತು. ಅದರೊಡನೆ ಹೊಲಕ್ಕೆ ಬಂದ ಲವಣ 8 ಕ್ವಿಂಟಲ್!

ನೀರು ಕೆಳಗೆ ಬಸಿದು ಹೋದರೆ ಲವಣವೂ ಹೋಗುತ್ತದೆ. ಎರೆಭೂಮಿಯಲ್ಲಿ ನೀರು ಬೇಗ ಬಸಿಯುವುದಿಲ್ಲ. ಹೆಚ್ಚು ಹಾಯಿಸಿದಷ್ಟೂ ಅಂತರ್ಜಲ ಮೇಲೇರಿ ಭೂಮಿ ಜವಳಾಗುತ್ತದೆ. ಮಣ್ಣಿನೊಳಗಿನ ಲವಣವನ್ನೂ ಕರಗಿಸಿಕೊಂಡು ನೀರು ಮೇಲಕ್ಕೆ ಬರುತ್ತದೆ. ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಬಿಟ್ಟು ಹೋಗುತ್ತದೆ. ಘಟಪ್ರಭಾ ನೀರಾವರಿ ಪ್ರದೇಶದಲ್ಲಿ ಬೆಳ್ಳಗೆ ಹೊಳೆಯುವ ಹೊಲಗಳ ಕಥೆ ಇದೇ. ನೀರು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ ಅವು ಕೆಟ್ಟವು.

ದಾರಿಯೂ ಅದೇ ಪ್ರಯೋಗದಲ್ಲಿದೆ. ಬೋಗುಣಿಗೆ ತೂತು ಬೇಕು, ಅಂದರೆ ಹೊಲಕ್ಕೆ ಬಸಿಗಾಲುವೆ ಬೇಕು. ನೀರನ್ನು ಬೇಕಾದಷ್ಟೇ ಕೊಡಬೇಕು. ಹನಿ ನೀರಾವರಿ ಅದಕ್ಕೇ ಇದೆ. ಜಿಪ್ಸಂ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಬೇಕು. ಅದು ಕ್ಷಾರ ಮಣ್ಣಿಗೆ ಮದ್ದು, ಎಲ್ಲ ಸವಳಿಗೂ ಅಲ್ಲ. ಒಬ್ಬರ ಬಸಿಗಾಲುವೆ ಮುಂದಿನವರ ಹೊಲ ದಾಟಿಯೇ ಹಳ್ಳ ಸೇರಬೇಕಾದ್ದರಿಂದ ಇದು ಊರೇ ಕೂಡಿ ಮಾಡುವ ಕೆಲಸ.

ಮಕ್ಕಳೇ, ನಿಮಗೊಂದು ಮನೆಗೆಲಸ. ಕಾಲುವೆ, ಬಾವಿ, ಬೋರ್‌ವೆಲ್ ಈ ಮೂರರ ನೀರನ್ನೂ ಒಂದೇ ಅಳತೆಯಲ್ಲಿ ಮೂರು ತಾಟುಗಳಲ್ಲಿ ಒಣಗಿಸಿರಿ. ಉಳಿದ ಬಿಳುಪನ್ನು ಅಪ್ಪ, ಅಜ್ಜನಿಗೆ ತೋರಿಸಿರಿ. ನೋಡಿದ್ದನ್ನು ತಾರೀಖು ಹಾಕಿ ಶಾಲೆಯ ರಜಿಸ್ಟರಿನಲ್ಲಿ ಬರೆದಿಡಿರಿ. ವರ್ಷವರ್ಷವೂ ಬರೆಯುತ್ತ ಹೋದರೆ, ಈ ಶಾಲೆಗೆ ನೂರು ತುಂಬುವಾಗ ನಮ್ಮ ನೀರು-ಮಣ್ಣು ಯಾವ ಕಡೆ ಸಾಗಿದೆ ಎಂದು ಹೇಳಬಲ್ಲ ದಾಖಲೆ ಊರ ಕೈಯಲ್ಲೇ ಇರುತ್ತದೆ.