ಮನೆಯ ವರ್ಕ್‌ಷಾಪಿಗೆ ಲೇತ್: ಹಳೆಯದೋ, ಹೊಸದೋ?



ಉತ್ತರಹಳ್ಳಿಯ ಸುತ್ತಲಿನ ಹೊಲಗಳು ಬಹುಪಾಲು ಬಡಾವಣೆಗಳಾಗಿವೆ. ಆದರೂ ಮನೆಯ ಹಿಂದಿನ ಶೆಡ್ಡಿನಲ್ಲಿ ಟಿಲ್ಲರಿನ ಬುಷ್, ಪಂಪಿನ ಷಾಫ್ಟ್ ಮುಂತಾದವನ್ನು ಬಿಡುವಿನಲ್ಲಿ ತಾವೇ ಮಾಡಿಕೊಳ್ಳಬೇಕೆಂಬ ಹವ್ಯಾಸವಿರುವವರು ಯೋಚಿಸಬೇಕಾದ ಪ್ರಶ್ನೆಯೊಂದಿದೆ. ಕೈಯಲ್ಲಿರುವ ಹಣಕ್ಕೆ ಹಗುರವಾದ ಹೊಸ ಲೇತ್ ಕೊಳ್ಳುವುದೋ, ಭಾರವಾದ ಹಳೆಯದನ್ನೋ?

ನಮ್ಮ ನಾಡಿನಲ್ಲಿ ಹಳೆಯ ಲೇತಿಗೆ ಬರವಿಲ್ಲ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್, ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ. ಸ್ಥಾಪನೆಯಾದವು. ಅವುಗಳ ಲೇತ್‌ಗಳು ಕಾರ್ಖಾನೆಗಳಲ್ಲಿ ದಶಕಗಳ ಕಾಲ ದುಡಿದಿವೆ. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಬಂದ ಮೇಲೆ ಇಂತಹವು ಮಾರಾಟಕ್ಕೆ ಬರತೊಡಗಿದವು. ಎರಕದ ಕಬ್ಬಿಣದ ತೂಕವೇ ಇವುಗಳ ಬಲ. ಆಳವಾಗಿ ಕೊಯ್ದರೂ ನಡುಗುವುದಿಲ್ಲ.

ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡದೆ ಯಾರೂ ವ್ಯಾಪಾರ ಕುದುರಿಸುವುದಿಲ್ಲ. ಲೇತಿನಲ್ಲಿ ಆ ಹಲ್ಲು ಎಂದರೆ ಬೆಡ್. ಹೊಸ ಬಣ್ಣಕ್ಕೆ ಮರುಳಾಗಬೇಡಿ. ಕೆಲಸವೆಲ್ಲ ಚಕ್ಕಿನ ಬಳಿಯೇ ನಡೆಯುವುದರಿಂದ ಬೆಡ್ ಸವೆಯುವುದೂ ಅಲ್ಲಿಯೇ. ಅಲ್ಲಿ ಕ್ಯಾರೇಜಿನ ಲಾಕ್ ಬೋಲ್ಟನ್ನು ಕ್ಯಾರೇಜ್ ಜಾರುವಷ್ಟೇ ಬಿಗಿ ಮಾಡಿ, ಇನ್ನೊಂದು ತುದಿಗೆ ಸರಿಸಿರಿ. ಹೋಗುತ್ತ ಸಿಕ್ಕಿಕೊಂಡರೆ ಚಕ್ಕಿನ ಬಳಿ ಸವೆತವಿದೆ ಎಂದೇ ತಿಳಿಯಬೇಕು. ಬೆಡ್ಡನ್ನು ಮರಳಿ ಗ್ರೈಂಡಿಂಗ್ ಮಾಡಿಸುವುದು ಮನೆಯ ಕೆಲಸವಲ್ಲ, ಖರ್ಚೂ ಕಡಿಮೆಯಿಲ್ಲ.

ಅನಂತರ 25 ಮಿ.ಮೀ. ದಪ್ಪದ ಸರಳನ್ನು ಚಕ್ಕಿಗೆ ಹಾಕಿ, ಇನ್ನೊಂದು ತುದಿಗೆ ಆಸರೆ ಕೊಡದೆ 100 ಮಿ.ಮೀ. ಉದ್ದಕ್ಕೆ ತೆಳುವಾಗಿ ಕೊಯ್ಸಿ, ಎರಡೂ ತುದಿಗಳನ್ನು ಮೈಕ್ರೋಮೀಟರಿನಿಂದ ಅಳೆಯಿರಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಂದಲೇ ಹಿಂದಿರುಗುವುದು ಲೇಸು. ಟಿಲ್ಲರಿನ ಬುಷ್ಷಿಗೆ ಅಲ್ಪ ವ್ಯತ್ಯಾಸ ನಡೆದೀತು. ಬೇರಿಂಗ್ ಕೂರುವ ಷಾಫ್ಟಿನಲ್ಲಿ ಮಿಲಿಮೀಟರಿನ ನೂರರಲ್ಲಿ ಎರಡು ಭಾಗ ತಪ್ಪಿದರೂ ಬೇರಿಂಗ್ ಸಡಿಲವಾಗಬಹುದು. ಹಿಡಿ ತಿರುಗಿಸಿದಾಗ ಕಾಣುವ ಸಡಿಲಕ್ಕೆ ಅಷ್ಟು ಹೆದರಬೇಕಿಲ್ಲ, ನಟ್ ಬದಲಿಸಿದರೆ ಬಹುಪಾಲು ಸರಿಹೋಗುತ್ತದೆ. ಥ್ರೆಡ್ ಕೊಯ್ಯುವ ಗೇರುಗಳು ಎಲ್ಲವೂ ಇವೆಯೇ ಎಂದು ಮಾತ್ರ ಎಣಿಸಿ ನೋಡಿ. ಹಳೆಯ ಮಾದರಿಗೆ ಬಿಡಿ ಗೇರು ಸಿಗುವುದು ಕಷ್ಟ.

ಈ ಪರೀಕ್ಷೆಗಳಲ್ಲಿ ಗೆದ್ದ ಹಳೆಯ ಲೇತನ್ನು ಹಗುರ ಹೊಸದಕ್ಕಿಂತ ಮೊದಲು ಆರಿಸಬೇಕು. ಪರೀಕ್ಷಿಸಲು ಬಲ್ಲವರು ಜೊತೆಗಿಲ್ಲದಿದ್ದರೆ ಗ್ಯಾರಂಟಿಯಿರುವ ಹೊಸದೇ ಸೂಕ್ತ.

ಇನ್ನು ವಿದ್ಯುತ್ತು. ಕಾರ್ಖಾನೆಯ ಲೇತ್ ಸಾಮಾನ್ಯವಾಗಿ ಮೂರು ಫೇಸಿನದು. ನೀರಾವರಿ ಪಂಪ್‌ಸೆಟ್ಟಿನ ಸಂಪರ್ಕದಿಂದ ಅದನ್ನು ನಡೆಸುವಂತಿಲ್ಲ. ಮನೆಯಲ್ಲಿ ಒಂದೇ ಫೇಸ್ ಇದ್ದರೆ ಮೋಟಾರು ಬದಲಿಸುವ ವೆಚ್ಚವನ್ನೂ, ಕ್ರೇನು ಮತ್ತು ಕಾಂಕ್ರೀಟ್ ಪೀಠದ ವೆಚ್ಚವನ್ನೂ ಬೆಲೆಗೆ ಕೂಡಿಸಿಕೊಂಡೇ ಚೌಕಾಸಿಗೆ ಇಳಿಯಬೇಕು.