ಒಂದು ಹೆಸರಿನ ಎರಡು ಇಲಿಗಳು

(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳನ್ನೂ ಪಾಲಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಇಂದು ಇಲಿಗಳ ವಿಷಯವಾಗಿ ಮಾತನಾಡುವೆನೆಂದು ಮೊದಲೇ ತಿಳಿಸಿದಾಗ ಕೆಲವರು ನಕ್ಕರು. ನಗುವುದು ಸಹಜವೇ. ಗಣಪತಿಯ ವಾಹನವೆಂದು ವರ್ಷಕ್ಕೊಮ್ಮೆ ಕೈಮುಗಿಯುವ ನಾವು ಉಳಿದ ದಿನಗಳಲ್ಲಿ ಅದಕ್ಕೆ ಬೋನು ಒಡ್ಡುವವರು. ಆದರೂ ಈ ಸಣ್ಣ ಪ್ರಾಣಿಯ ಒಡಲಿನೊಳಗೆ ದೊಡ್ಡದೊಂದು ಪ್ರಶ್ನೆ ಅಡಗಿದೆ. ಅದನ್ನು ನಿಮ್ಮ ಮುಂದೆ ಬಿಚ್ಚಿಡಬೇಕೆಂಬ ಆಸೆಯಿಂದ ಬಂದಿದ್ದೇನೆ.

ಗುಂಜೋಟಿಯಂತಹ ಗಡಿಯ ಊರಿನಲ್ಲಿ ಬೆಳೆದ ಮಕ್ಕಳಿಗೆ ಒಂದು ಸಂಗತಿಯನ್ನು ಯಾರೂ ಕಲಿಸಬೇಕಾಗಿಲ್ಲ. ಮನೆಯಲ್ಲಿ ನಾವು ‘ಇಲಿ’ ಎನ್ನುವುದನ್ನೇ ಉಮರ್ಗಾದ ಪೇಟೆಯಲ್ಲಿ ‘ಉಂದೀರ’ ಎನ್ನುತ್ತಾರೆ. ನಮ್ಮ ಹೆಗ್ಗಣ ಅವರಿಗೆ ‘ಘೂಸ’. ಹೆಸರು ಎರಡಾದರೂ ಪ್ರಾಣಿ ಒಂದೇ ಎಂಬುದು ನಿಮಗೆ ಮಾತು ಕಲಿತಂದಿನಿಂದಲೇ ಗೊತ್ತು. ಇದರ ತಿರುವುಮುರುವು, ಎಂದರೆ ಹೆಸರು ಒಂದೇ ಇದ್ದು ಪ್ರಾಣಿ ಎರಡಾಗಿರುವ ಸಂದರ್ಭವಿದೆಯೇ? ಇದೆ. ಸೊಂಡಿಲಿಯನ್ನೇ ನೋಡಿ. ಹೆಸರಿನಲ್ಲಿ ಇಲಿ ಇದೆ, ರೂಪವೂ ಇಲಿಯದೇ. ಆದರೆ ಅದು ಇಲಿಯಲ್ಲ. ಇಲಿಯ ಬಾಚಿಹಲ್ಲು ಅದಕ್ಕಿಲ್ಲ. ಹುಳುಹುಪ್ಪಟೆ ಅದರ ಮುಖ್ಯ ಆಹಾರ. ಮುಳ್ಳುಹಂದಿಯಂತೆ ಮೈಮೇಲೆ ಮುಳ್ಳುಳ್ಳ, ಹುಳು ತಿನ್ನುವ ಚಿಕ್ಕ ಹೆಡ್ಜ್‌ಹಾಗ್ ಅದಕ್ಕೆ ಇಲಿಗಿಂತ ಹತ್ತಿರದ ನಂಟು. ಇಲ್ಲಿ ಹಲ್ಲನ್ನು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಹಲ್ಲು, ಬಾಲ, ಕಿವಿ, ತುಪ್ಪಳ ಎಲ್ಲವೂ ಹೋಲುವಲ್ಲಿ ಏನು ಮಾಡಬೇಕು?

‘ಮಾಡಿ ಆಗಬೇಕಾದುದೇನು?’ ಎಂದು ಹಿರಿಯರು ಕೇಳಬಹುದು. ಅವರಿಗೆ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವವನ್ನು ನೆನಪಿಸುತ್ತೇನೆ. ಕಿಲ್ಲಾರಿಯ ಆ ಭೂಕಂಪದಲ್ಲಿ ಸುಮಾರು 10,000 ಜನ ಮಡಿದರು. ಉಮರ್ಗಾ, ಔಸಾ ತಾಲೂಕುಗಳ ಹಳ್ಳಿಗಳು ಕಲ್ಲುಮಣ್ಣಿನ ಗುಡ್ಡೆಗಳಾದವು. ಮರುವರ್ಷ, 1994ರಲ್ಲಿ, ಬೀಡ ಜಿಲ್ಲೆಯ ಮಾಮಲಾ ಗ್ರಾಮದಲ್ಲಿ ಗಡ್ಡೆ ಪ್ಲೇಗಿನ ಸುದ್ದಿ ಹಬ್ಬಿತು. ಸೆಪ್ಟೆಂಬರ್ ತಿಂಗಳಲ್ಲಿ ಸೂರತ್ತಿನಲ್ಲಿ ಜನ ಊರು ಬಿಟ್ಟು ಓಡಿದರು. ಕಂಪಕ್ಕೆ ಹೆದರಿ ಜನ ತೊರೆದ ಮನೆಗಳಲ್ಲಿ ಕಾಳುಕಡಿ ಉಳಿದು, ಅದನ್ನು ತಿಂದು ಇಲಿಗಳು ಮಿತಿಮೀರಿ ಹೆಚ್ಚಿದುದೇ ಇದಕ್ಕೆ ಎಡೆಯಾಯಿತೆಂದು ಆಗ ವಿವರಿಸಲಾಯಿತು. ಪ್ಲೇಗಿನ ವಿಷಯದಲ್ಲಿ ಎಲ್ಲ ಇಲಿಗಳೂ ಸಮಾನವಲ್ಲ. ಬಯಲಿನ ಬಿಲಗಳಲ್ಲಿರುವ, ಬಾಲದ ತುದಿಯಲ್ಲಿ ಕುಚ್ಚುಳ್ಳ ಜರ್ಬಿಲ್ ಇಲಿ ಆ ರೋಗಾಣುವನ್ನು ಹೊತ್ತೂ ಬದುಕಬಲ್ಲದು. ಮನೆಯ ಇಲಿ ಬಹುಬೇಗ ಸಾಯುತ್ತದೆ. ಸತ್ತೊಡನೆ ಅದರ ಮೈಮೇಲಿನ ಚಿಗಟಗಳು ಮನುಷ್ಯನನ್ನು ಹುಡುಕಿಕೊಂಡು ಬರುತ್ತವೆ. ಆದುದರಿಂದ ಇಲಿ ಬಿದ್ದಿತೆಂದು ಹೇಳಿದರೆ ಸಾಲದು, ಯಾವ ಇಲಿ ಎಂದು ಹೇಳಬೇಕಾಗುತ್ತದೆ.

ಈ ‘ಯಾವ ಇಲಿ’ ಎಂಬ ಪ್ರಶ್ನೆಯನ್ನು ನಮ್ಮ ಕಡೆಯಲ್ಲಿ ಕ್ರಮವಾಗಿ ಕೇಳಿದ ಮೊದಲಿಗರಲ್ಲಿ ವಾಲ್ಟರ್ ಎಲಿಯಟ್ ಒಬ್ಬರು. ಕಿತ್ತೂರಿನ ಕಥೆ ನಿಮಗೆ ಗೊತ್ತು. 1824ರಲ್ಲಿ ಥ್ಯಾಕರೆ ಸತ್ತ ಕಾಳಗದ ತರುವಾಯ ರಾಣಿ ಚೆನ್ನಮ್ಮನ ಸೆರೆಗೆ ಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಒಬ್ಬರು ಇವರೇ. ಬದುಕಿ ಬಂದ ಈ ಮನುಷ್ಯ ಮುಂದೆ ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಸಂಗ್ರಹಿಸಿದರು. 1839ರಲ್ಲಿ ಧಾರವಾಡದ ಸುತ್ತಣ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನು ಮದ್ರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಇಲಿಗಳ ಭಾಗ ಬರೆಯುವಾಗ ಅವರಿಗೆ ಗುರುಗಳಾದವರು ಕೆರೆ ತೋಡುವ, ಮಣ್ಣು ಹೊರುವ ಶ್ರಮಜೀವಿಗಳು. ಅಂದಿನ ಬರಹಗಳಲ್ಲಿ ಅವರನ್ನು ವಡ್ಡರೆಂದು ಕರೆದಿದೆ, ಇಂದು ಭೋವಿಗಳೆನ್ನುತ್ತೇವೆ. ನೆಲವನ್ನು ಅಗೆಯುವವರಿಗಿಂತ ಬಿಲವನ್ನು ಬಲ್ಲವರು ಬೇರೆ ಯಾರಿದ್ದಾರು?

ಅವರು ‘ಲೆಗ್ಯಾಡೆ’ ಎಂದು ಕರೆಯುತ್ತಿದ್ದ ಇಲಿ ಗರಸು ಬೆರೆತ ಕೆಂಪು ನೆಲದಲ್ಲಿ ಬಿಲ ತೋಡುತ್ತದೆ. ಒಳಗೆ ಹೋದ ಮೇಲೆ ಬಾಗಿಲನ್ನು ಸಣ್ಣ ಹರಳುಗಳಿಂದ ಮುಚ್ಚಿಕೊಳ್ಳುತ್ತದೆ. ಬಿಲದ ಹೊರಗೂ ಹರಳುಗಳ ರಾಶಿ, ಒಳಕೋಣೆಯಲ್ಲಿಯೂ ಹರಳುಗಳದೇ ಹಾಸಿಗೆ! ‘ಮೆಟ್ಟಾಡೆ’ ಎಂಬ ಇನ್ನೊಂದು ಇಲಿಗೆ ಇಷ್ಟೊಂದು ಶ್ರಮ ಬೇಡ. ಬೇಸಿಗೆಯಲ್ಲಿ ಎರೆಭೂಮಿ ಬಾಯಿ ಬಿಟ್ಟ ಸೀಳುಗಳೇ ಅದರ ಮನೆ. ಮಳೆ ಬಿದ್ದು ಸೀಳುಗಳು ಕೂಡಿಕೊಂಡಾಗ ಪ್ರತಿವರ್ಷ ಅಸಂಖ್ಯ ಇಲಿಗಳು ಅಲ್ಲಿಯೇ ಸಮಾಧಿಯಾಗುತ್ತವೆ. 1826ರಲ್ಲಿ ಮುಂಗಾರು ಕೈಕೊಟ್ಟಿತು, ಸೀಳುಗಳು ಮುಚ್ಚಲಿಲ್ಲ. ಮೆಟ್ಟಾಡೆಗಳು ಪಿಡುಗಾಗಿ ಹೆಚ್ಚಿದವು. ಬಿತ್ತಿದ ಬೀಜವನ್ನು ನೆಲದಿಂದ ಹೆಕ್ಕಿ ತಿಂದವು. ಅಳಿದುಳಿದ ಜೋಳ ತೆನೆಗಟ್ಟಿದಾಗ ದಂಟನ್ನೇರಿ ತೆನೆ ಕತ್ತರಿಸಿದವು. ರೈತರು ಕಂದಾಯ ಕಟ್ಟಲಾರದೆ ಹೋದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳೆಂದು ಗೊತ್ತುಮಾಡಿ ಸಾವಿರಗಟ್ಟಲೆ ಕೊಲ್ಲಿಸಿದರೂ ಸಂಖ್ಯೆ ಇಳಿದಂತೆ ಕಾಣಲಿಲ್ಲ. ಎರೆಹೊಲದ ಸೀಳಿನಲ್ಲಿ ಕಾಲು ಸಿಕ್ಕಿಸಿಕೊಂಡ ಅನುಭವವುಳ್ಳ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಲಂಡನ್ನಿನ ವಿದ್ವಾಂಸರಾದ ಗ್ರೇ ಅವರು 1837ರಲ್ಲಿ ಈ ಬಗೆಯ ಚಿಕ್ಕ ಇಲಿಗಳಿಗೊಂದು ಕುಲದ ಹೆಸರನ್ನು ಕೊಡಬೇಕಾದಾಗ ‘ಲೆಗ್ಗಾಡ’ ಎಂದರು. ಮಣ್ಣು ಅಗೆಯುವವರ ಮಾತು ಹೀಗೆ ಶಾಸ್ತ್ರಗ್ರಂಥವನ್ನು ಸೇರಿತು. ಹೊಲಗಳಲ್ಲಿ ಓಡಾಡುವ ಅತಿ ಚಿಕ್ಕ ಇಲಿಗೆ ಅವರು ಕೊಟ್ಟ ‘ಬೂದುಗ’ ಎಂಬ ಹೆಸರು ಇಂದಿಗೂ ಉಳಿದಿದೆ. ಆ ಬೂದುಗದ ಕಡೆಗೆ ಮತ್ತೆ ಬರುತ್ತೇನೆ.

ಈಗ ಒಡಲಿನೊಳಗೆ ಇಳಿಯೋಣ. ಪ್ರತಿಯೊಂದು ಜೀವಿಯ ದೇಹವೂ ಜೀವಕೋಶಗಳಿಂದಾಗಿದೆ. ಕೋಶದ ನಡುವಣ ಕೇಂದ್ರದಲ್ಲಿ, ಬಣ್ಣವನ್ನು ಗಾಢವಾಗಿ ಹೀರಿಕೊಳ್ಳುವ ಎಳೆಗಳಿವೆ. ಇವೇ ವರ್ಣತಂತುಗಳು, ಎಂದರೆ ಕ್ರೋಮೋಸೋಮುಗಳು. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬಂದು ಇವು ಜೋಡಿಜೋಡಿಯಾಗಿರುತ್ತವೆ. ವಂಶದ ಗುಣಗಳೆಲ್ಲ ಇವುಗಳ ಮೂಲಕವೇ ಇಳಿದುಬರುತ್ತವೆ. ಇವನ್ನು ಎಣಿಸುವುದು ಸುಲಭವಲ್ಲ. ಮನುಷ್ಯನ ವರ್ಣತಂತುಗಳು 48 ಎಂದು ಜಗತ್ತಿನ ಪಂಡಿತರು ಬಹುಕಾಲ ನಂಬಿದ್ದರು. ಅವು 46 ಎಂದು ಟಿಯೊ ಮತ್ತು ಲೆವಾನ್ ಎಂಬವರು ತೋರಿಸಿದ್ದು 1956ರಲ್ಲಿ. ಕೋಶ ಇಬ್ಭಾಗವಾಗುವ ಗಳಿಗೆಯಲ್ಲಿ ಮಾತ್ರ ಈ ಎಳೆಗಳು ದಪ್ಪಗಾಗಿ ಸ್ಪಷ್ಟವಾಗುತ್ತವೆ. ಆ ಗಳಿಗೆಯಲ್ಲಿ ಕೋಶವನ್ನು ತಡೆದು ನಿಲ್ಲಿಸಲು ಕಾಲ್ಚಿಸೀನ್ ಎಂಬ ವಿಷವಸ್ತುವನ್ನು ಬಳಸುತ್ತಾರೆ. ಇದೇ ವಿಷ ನಮ್ಮ ಬೇಲಿಗಳಲ್ಲಿ ಬೆಂಕಿಯಂತೆ ಅರಳುವ ಅಗ್ನಿಶಿಖೆಯಲ್ಲಿ, ಮರಾಠಿಯ ಕಳಲಾವಿಯಲ್ಲಿ ಇದೆ. (ಮಕ್ಕಳೇ, ಅದರ ಗಡ್ಡೆಯನ್ನು ಬಾಯಿಗಿಡಬೇಡಿರಿ!) ಬಳಿಕ ಕೋಶವನ್ನು ತೆಳುವಾದ ಲವಣದ್ರವದಲ್ಲಿ ಉಬ್ಬಿಸಿ, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು ಜೋಡಿಗಳನ್ನು ಹೊಂದಿಸುತ್ತಾರೆ.

ಮನೆಯ ಅಟ್ಟದಲ್ಲಿ ಓಡಾಡುವ ಕಪ್ಪಿಲಿಯನ್ನು ಹೀಗೆ ಪರೀಕ್ಷಿಸಿದಾಗ ಒಂದು ವಿಸ್ಮಯ ಕಾದಿತ್ತು. ಜಪಾನಿನ ಮಿಶಿಮಾದ ಸಂಶೋಧಕ ತೋಶಿಹಿದೆ ಯೋಸಿದಾ ದೇಶದೇಶಗಳ ಕಪ್ಪಿಲಿಗಳನ್ನು ತರಿಸಿ ಎಣಿಸಿದರು. ಪೂರ್ವ ಏಷ್ಯಾದ ಇಲಿಗಳಲ್ಲಿ 42. ಸಿಂಹಳದ ಇಲಿಗಳಲ್ಲಿ 40. ಯುರೋಪು, ಅಮೆರಿಕ, ಆಸ್ಟ್ರೇಲಿಯದ ಇಲಿಗಳಲ್ಲಿ 38. ಭಾರತದಲ್ಲಿ? 1973ರಲ್ಲಿ ಲಾಖೋಟಿಯಾ, ರಾವ್, ಝನ್ವರ್ ಎಂಬ ನಮ್ಮವರೇ ಆದ ಮೂವರು ವಿಜ್ಞಾನಿಗಳು ನೈಋತ್ಯ ಭಾರತದಲ್ಲಿ 38ರ ಇಲಿಯೂ 42ರ ಇಲಿಯೂ ಜೊತೆಯಾಗಿಯೇ ವಾಸಿಸುತ್ತಿವೆಯೆಂದು ಪ್ರಕಟಿಸಿದರು. ಹೆಸರು ಎರಡಕ್ಕೂ ಒಂದೇ, ಕಪ್ಪಿಲಿ.

ನಾಲ್ಕು ತಂತುಗಳು ಎಲ್ಲಿ ಹೋದವು? ಎಲ್ಲಿಗೂ ಹೋಗಲಿಲ್ಲ. ನಾಲ್ಕು ತುಂಡು ಹಗ್ಗಗಳನ್ನು ಎರಡೆರಡಾಗಿ ತುದಿಗೆ ತುದಿ ಗಂಟು ಹಾಕಿರಿ. ಎಣಿಸಿದರೆ ಹಗ್ಗ ಎರಡೇ, ಆದರೆ ಸೇದುವ ಬಾವಿಯ ಆಳ ಮೊದಲಿನಷ್ಟೇ. ಅದೇ ರೀತಿ 42ರಲ್ಲಿ ಬಿಡಿಯಾಗಿದ್ದ ನಾಲ್ಕು ಜೋಡಿಗಳು 38ರಲ್ಲಿ ಬೆಸೆದು ಎರಡು ದೊಡ್ಡ ಜೋಡಿಗಳಾಗಿವೆ. ಮಿಡತೆಗಳಲ್ಲಿ ಇಂತಹ ಬೆಸುಗೆಯನ್ನು 1916ರಲ್ಲಿ ವಿವರಿಸಿದ ರಾಬರ್ಟ್‌ಸನ್ನರ ಹೆಸರೇ ಇದಕ್ಕೆ ನಿಂತಿದೆ. ವಂಶದ್ರವ್ಯ ಕಳೆದುಹೋಗದಿದ್ದರೂ ತೊಡಕು ಮುಂದಿನ ಪೀಳಿಗೆಯಲ್ಲಿ ಬರುತ್ತದೆ. 38ರ ತಂದೆಗೂ 42ರ ತಾಯಿಗೂ ಹುಟ್ಟಿದ ಮರಿ 40 ತಂತುಗಳಿಂದ ಆರೋಗ್ಯವಾಗಿಯೇ ಬೆಳೆಯಬಹುದು. ಅದು ತನ್ನ ಬೀಜಕೋಶಗಳನ್ನು ರಚಿಸುವಾಗ ಒಂದು ದೊಡ್ಡ ತಂತುವಿಗೆ ಎರಡು ಸಣ್ಣವು ಜೊತೆಗೂಡಬೇಕು, ಹಂಚಿಕೆ ತಪ್ಪುತ್ತದೆ. ಇಂತಹ ಮಿಶ್ರಮರಿಗಳ ಸಂತಾನಶಕ್ತಿ ಕುಗ್ಗುವುದನ್ನು ಯೋಸಿದಾ ಕಂಡರು. ಗೋಡೆಯಿಲ್ಲದೆ, ಬೇಲಿಯಿಲ್ಲದೆ, ಒಂದೇ ಸೀಮೆಯಲ್ಲಿದ್ದೂ ಎರಡು ವಂಶಗಳು ಬೇರೆಯಾಗುವ ಬಗೆ ಇದು. ಇಂದು 42ರ ಇಲಿಯನ್ನು ಅನೇಕರು ‘ಟಾನೆಝುಮಿ’ ಎಂಬ ಬೇರೆ ಪ್ರಭೇದವೆಂದು ಎಣಿಸುತ್ತಾರೆ. ಹಡಗುಗಳನ್ನೇರಿ ಪಶ್ಚಿಮ ದೇಶಗಳಿಗೆ ಹರಡಿದ 38ರ ಇಲಿ ಮೊದಲು ನಮ್ಮ ದಕ್ಷಿಣ ಭಾರತದಲ್ಲಿಯೇ ರೂಪುಗೊಂಡಿರಬೇಕೆಂಬುದು ಯೋಸಿದಾರ ತರ್ಕ.

ಹಾಗಾದರೆ ಎಣಿಸಿದರೆ ಸಾಕು, ಪ್ರಭೇದ ತಿಳಿಯಿತು ಎಂದು ನೀವು ಹೇಳಬಹುದು. ಆತುರಪಡಬೇಡಿರಿ. ಹೊಲದ ಹೆಗ್ಗಣಕ್ಕೂ 42 ತಂತುಗಳಿವೆ. ಅಷ್ಟರಿಂದ ಅದು ಟಾನೆಝುಮಿಯಾಗಲಿಲ್ಲ. ಸ್ವಿಟ್ಜರ್ಲೆಂಡಿನ ಪೊಸ್ಕಿಯಾವೋ ಎಂಬ ಕಣಿವೆಯಲ್ಲಿ ಒಂದು ಕಪ್ಪು ಚುಂಚಿಲಿಯಿದೆ. ಸಾಮಾನ್ಯ ಚುಂಚಿಲಿಗೆ 40 ತಂತುಗಳಾದರೆ ಇದಕ್ಕೆ 26 ಮಾತ್ರ. ಹದಿನಾಲ್ಕು ಜೋಡಿಗಳು ಬೆಸೆದು ಏಳಾಗಿವೆ. ಇಷ್ಟು ಅಂತರವಿದ್ದರೂ ವಿದ್ವಾಂಸರು ಅದನ್ನು ಈಗ ಚುಂಚಿಲಿಯ ಒಂದು ಬಗೆಯೆಂದೇ ಭಾವಿಸುತ್ತಾರೆ.

ನಮ್ಮ ಬೂದುಗದ ಕಥೆ ಇದಕ್ಕೆ ಪೂರ್ತಿ ವಿರುದ್ಧ. ಒಂದೇ ಹೊಲದಲ್ಲಿ ಹಿಡಿದ ಅತಿ ಚಿಕ್ಕ ಇಲಿಗಳನ್ನು ಬಹುಕಾಲ ಬೂದುಗವೆಂದೇ ಕರೆದುದುಂಟು. 1968ರಲ್ಲಿ ಮತೇ ಮತ್ತು ಪೆತೇರ್ ಎಂಬ ಯುರೋಪಿನ ಇಬ್ಬರು ವಿದ್ವಾಂಸರು ಈ ಗುಂಪಿನ ಭಾರತೀಯ ಇಲಿಗಳಲ್ಲಿ ಎರಡು ಪ್ರಭೇದಗಳಿವೆಯೆಂದು ವರ್ಣತಂತುಗಳ ಆಧಾರದಿಂದ ಸಾರಿದರು. ಒಂದು ಬೂದುಗ, ಇನ್ನೊಂದನ್ನು ಆಗ ‘ಡುನ್ನಿ’ ಎನ್ನುತ್ತಿದ್ದರು, ಈಗ ‘ಟೆರ್ರಿಕಲರ್’ ಎನ್ನುತ್ತಾರೆ. ಸೋಜಿಗವೆಂದರೆ ಎರಡರಲ್ಲಿಯೂ ತಂತುಗಳು 40! ಭೇದವಿರುವುದು ಸಂಖ್ಯೆಯಲ್ಲಲ್ಲ, ಆಕಾರದಲ್ಲಿ. ಟೆರ್ರಿಕಲರ್ ಇಲಿಯ ತಂತುಗಳಿಗೆ ಗಾಢವಾಗಿ ಬಣ್ಣ ಹಿಡಿಯುವ ಭಾಗಗಳು ಹೆಚ್ಚಾಗಿ ಸೇರಿಕೊಂಡಿವೆ. ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಟಿ. ಶರ್ಮಾ ಮತ್ತು ಅವರ ಸಂಗಡಿಗರು ಇದನ್ನು ವರ್ಷಗಟ್ಟಲೆ ಶೋಧಿಸಿ, ಟೆರ್ರಿಕಲರ್ ಇಲಿಯೊಳಗೇ ಮೂರು ಬಗೆಗಳಿವೆಯೆಂದು ತೋರಿಸಿದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಮಂಜುನಾಥ ಮತ್ತು ಅಶ್ವತ್ಥನಾರಾಯಣ ಅವರು ಇದೇ ಚಿಕ್ಕ ಇಲಿಯ ತಂತುಗಳ ವೈವಿಧ್ಯವನ್ನು ಕುರಿತು 1979ರಲ್ಲಿ ಬರೆದರು. ಒಂದು ಪ್ರಭೇದ ಒಡೆದು ಹಲವಾಗುವ ಕಾರ್ಯ ಎಲ್ಲಿಯೋ ಪುರಾತನ ಕಾಲದಲ್ಲಿ ಮುಗಿದುಹೋದುದಲ್ಲ. ಜೋಳದ ಹೊಲದಲ್ಲಿ, ನಮ್ಮ ಕಾಲಬಳಿಯಲ್ಲಿ ನಡೆದಿದೆ.

ಹರಳು ಹಾಸಿ ಮಲಗುವ ಲೆಗ್ಯಾಡೆ? ಮುಳ್ಳುಗೂದಲಿನ ಆ ಇಲಿಯ ತಂತುಗಳು 26. ಅದರ ದಾಯಾದಿಯಾಗಿ, 1839ರಲ್ಲಿ ಎಲಿಯಟ್ಟರೇ ಹೆಸರಿಟ್ಟ ‘ಸ್ಯಾಕ್ಸಿಕೋಲಾ’ ಎಂಬ ಇಲಿಯಲ್ಲಿ ಸೀಮೆ ಸೀಮೆಗೆ 22ರಿಂದ 26ರವರೆಗೆ ವ್ಯತ್ಯಾಸವಿದೆ. ಸೀಳಿನಲ್ಲಿ ವಾಸಿಸುವ ಮೆಟ್ಟಾಡೆಗೆ 50. ಸೂಕ್ಷ್ಮದರ್ಶಕವನ್ನು ಕಣ್ಣಿನಿಂದ ಕಾಣದ ಆ ಭೋವಿಗಳು ಬಿಲದ ಬಾಗಿಲನ್ನೂ ನೆಲದ ಬಣ್ಣವನ್ನೂ ನೋಡಿ ಬೇರೆ ಬೇರೆ ಹೆಸರಿಟ್ಟಿದ್ದ ಲೆಗ್ಯಾಡೆಯೂ ಮೆಟ್ಟಾಡೆಯೂ ಪ್ರಯೋಗಶಾಲೆಯ ಎಣಿಕೆಯಲ್ಲಿಯೂ ಬೇರೆಯಾಗಿಯೇ ಉಳಿದವು. ಬೂದುಗವನ್ನೂ ಟೆರ್ರಿಕಲರನ್ನೂ ಬೇರ್ಪಡಿಸಲು ಮಾತ್ರ ಗಾಜಿನ ಪಟ್ಟಿಯೇ ಬೇಕಾಯಿತು.

ಬರುವ ಸುಗ್ಗಿಯಲ್ಲಿ ಹಿರಿಯರೊಡನೆ ಹೊಲಕ್ಕೆ ಹೋದಾಗ, ಮಕ್ಕಳೇ, ಬಿಲಗಳನ್ನು ನೋಡಿರಿ. ಕೈ ಹಾಕಬೇಡಿರಿ, ಸತ್ತ ಇಲಿಯನ್ನು ಮುಟ್ಟಬೇಡಿರಿ. ಬಾಗಿಲಲ್ಲಿ ಹರಳುಗಳಿವೆಯೇ, ನೆಲ ಎರೆಯೋ ಗರಸೋ, ಸುತ್ತ ಯಾವ ಬೆಳೆಯಿದೆ ಎಂದು ದಿನಾಂಕ ಸಹಿತ ಒಂದು ವಹಿಯಲ್ಲಿ ಬರೆದಿಡಿರಿ. ಮನೆಯ ಅಜ್ಜ ಅಜ್ಜಿಯರನ್ನು ಕೇಳಿ, ಅವರು ಬಲ್ಲ ಇಲಿಗಳ ಹೆಸರನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಆ ಬರಹದ ಪಕ್ಕದಲ್ಲಿ ಸೇರಿಸಿರಿ. ಆ ವಹಿಗಳನ್ನು ನಿಮ್ಮ ಗುರುಗಳ ಕೈಗೆ ಕೊಟ್ಟರೆ, ಮುಂದಿನ ವರ್ಷ ನಾನು ಬಂದಾಗ ಅವನ್ನು ಓದುವ ಭಾಗ್ಯ ನನಗೆ ದೊರೆಯುತ್ತದೆ.