ಹಾಫ್-ಆರ್ಕ್‌ಗೆ ಖೋಲಿ ಬಾಡಿಗಿ ಎಷ್ಟು?

ಇಯರ್‌ಫೋನ್ ಹಾಕ್ಕೊಂಡು ಶಹಾಪುರ ಬಸ್ಸಿನ್ಯಾಗ ಕೂತೋರಿಗೂ, ಯಾದಗಿರಿ ಸ್ಟೇಷನ್‌ನ್ಯಾಗ ರೈಲು ಕಾಯೋರಿಗೂ ನಮಸ್ಕಾರ. ಇವತ್ತು ಒಂದು ಆಟದ ಸುದ್ದಿ. ಆದ್ರ ಮಾತೆಲ್ಲ ರೊಕ್ಕದ ಬಗ್ಗೆನೇ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ. ಒಬ್ಬ ಕಥಿ ಹೇಳ್ತಾನ, ಉಳಿದವರು ಆ ಕಥಿಯೊಳಗಿನ ಪಾತ್ರ ಆಗ್ತಾರ. ಏನರ ಸಾಹಸ ಮಾಡಬೇಕಂದ್ರ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ನಮ್ಮ ಹತ್ರ ಅಂಥಾ ದಾಳ ಇಲ್ಲ, ಮೊಬೈಲ್ ಆ್ಯಪ್‌ನ್ಯಾಗೇ ಉರುಳಿಸ್ತೀವಿ. ಪಾತ್ರ ಅಂದ್ರ ಮನುಷ್ಯನೇ ಆಗಬೇಕಂತಿಲ್ಲ. ಚೂಪು ಕಿವಿಯ ಎಲ್ಫ್ ಆಗಬಹುದು, ಮೂರಡಿ ಎತ್ತರದ ಹಾಫ್ಲಿಂಗ್ ಆಗಬಹುದು, ಕೋರೆಹಲ್ಲಿನ ಹಾಫ್-ಆರ್ಕ್ ಆಗಬಹುದು.

ಸುರಪುರದಾಗ ಭಾನುವಾರ ನಾವು ಐದು ಮಂದಿ ದೋಸ್ತರು ಕೂಡ್ತೀವಿ. ಕಥಿ ಹೇಳೋನು ನಾನು. ಕಥಿಯ ಊರೂ ನಮ್ಮ ಕಡಿದೇ: ಗುಡ್ಡ, ಕೋಟಿ, ಕೆಳಗ ಸಂತಿ.

2014ರ ನಿಯಮ ಪುಸ್ತಕದಲ್ಲಿ ದಿನದ ಖರ್ಚಿನ ಒಂದು ಪಟ್ಟಿ ಇದೆ. 10 ಬೆಳ್ಳಿ ನಾಣ್ಯ ಅಂದ್ರೆ 1 ಚಿನ್ನ. ಬಡವರಂಗ ಬದುಕಲಿಕ್ಕೆ ದಿನಕ್ಕೆ 2 ಬೆಳ್ಳಿ, ಸಾಧಾರಣ ಬದುಕಿಗೆ 1 ಚಿನ್ನ, ಆರಾಮಾಗಿ ಇರಬೇಕಂದ್ರೆ 2 ಚಿನ್ನ, ದೊರೆಗಳಂಗ ಇರಬೇಕಂದ್ರೆ ಕಮ್ಮಿ ಅಂದ್ರೂ 10 ಚಿನ್ನ. ಅದೇ ಪುಸ್ತಕದಲ್ಲಿ ಕೂಲಿ ಆಳಿನ ಪಗಾರ ದಿನಕ್ಕೆ 2 ಬೆಳ್ಳಿ. ಅಂದ್ರ ದುಡಿದದ್ದು ಒಬ್ಬನ ಬಡ ಬದುಕಿಗೇ ಪೂರಾ ಖಲಾಸ್! ಹೆಂಡ್ತಿ, ಮಕ್ಕಳು? ಎರಡು ದಿನ ಜ್ವರ ಬಂದ್ರ? ಹತ್ತಿ ಬಿಡಿಸಲಿಕ್ಕೆ ಹೋಗೋರಿಗೆ, ಬೆಂಗಳೂರಿಗೆ ಗುಳೆ ಹೋಗೋರಿಗೆ ಈ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ.

ಇನ್ನೊಂದು ಮಜಾ ನೋಡ್ರಿ. ಪಟ್ಟಿಯಲ್ಲಿ ಎಲ್ಲ ಜನಾಂಗಕ್ಕೂ ಒಂದೇ ದರ. ಹಾಫ್ಲಿಂಗ್‌ಗೂ ಹಾಫ್-ಆರ್ಕ್‌ಗೂ ದಿನಕ್ಕೆ ಅಷ್ಟೇ ಊಟ, ಸುಮಾರು ಅರ್ಧ ಕಿಲೋ. 2024ರ ಹೊಸ ಪುಸ್ತಕದಲ್ಲಿ ‘ರೇಸ್’ ಅನ್ನೋ ಪದ ತೆಗೆದು ‘ಸ್ಪೀಶೀಸ್’ ಅಂತ ಮಾಡಿದ್ದಾರೆ, ಆದ್ರೆ ದರ ಮಾತ್ರ ಎಲ್ಲರಿಗೂ ಒಂದೇ.

ಎಲ್ಫ್ ಆಡೋ ದೋಸ್ತ ಕೇಳಿದ: “ಲೇ, ಎಲ್ಫಿಗೆ ನಾಲ್ಕು ತಾಸು ವಿಶ್ರಾಂತಿ ಸಾಕು. ಅರ್ಧ ಬಾಡಿಗಿ ತಗೋ.” ಎಲ್ಲರೂ ನಕ್ಕಿವಿ. ಹಾಫ್-ಆರ್ಕ್ ಆಡೋನು ನಗಲಿಲ್ಲ. “ಅದಿರ್ಲಿ, ನನಗ ಖೋಲಿ ಕೊಡ್ತಾರೇನು, ಅದನ್ನ ಹೇಳು” ಅಂದ.

ನಾನು ಸುಮ್ಮನಾದೆ. ಯಾಕಂದ್ರ ಡಿಗ್ರಿಗೆ ಸೇರಿದಾಗ ನಾವಿಬ್ಬರೂ ಕೂಡೇ ಯಾದಗಿರಿಯಲ್ಲಿ ಖೋಲಿ ಹುಡುಕಿದ್ವಿ. ಒಂದು ಮನಿಯಾಗ ಬಾಡಿಗಿ ಮಾತಾಯ್ತು. ಆಮ್ಯಾಲ ಹೆಸರು ಕೇಳಿದ್ರು. ಆಮ್ಯಾಲ “ಯಾವ ಮಂದಿ?” ಅಂದ್ರು. ಅವನು ಹೇಳಿದ. ಮಾಲೀಕರು ನನ್ನನ್ನ ಬಾಜೂಕ ಕರದು, “ನೀ ಒಬ್ಬನ ಆದ್ರ ಇರಪ್ಪ” ಅಂದ್ರು.

ನಾನು ಇದ್ದೆ. ವರ್ಷಪೂರ್ತಿ ಅಲ್ಲೇ ಇದ್ದೆ.

ಅವನಿಗೆ ಊರ ಹೊರಗ ಖೋಲಿ ಸಿಕ್ತು. ಬಾಡಿಗಿ ನನಗಿಂತ 500 ರೂಪಾಯಿ ಕಮ್ಮಿ. ಆದ್ರ ಹೋಗಿ ಬರಲಿಕ್ಕೆ ಆಟೋಕ್ಕ ದಿನಾ 40, ತಿಂಗಳಿಗೆ 25 ದಿನ ಅಂದ್ರ 1000. ಇಬ್ಬರೂ ತಿನ್ನೋದು ಅದೇ ಜೋಳದ ರೊಟ್ಟಿ, ಅದೇ ಶೇಂಗಾ ಹಿಂಡಿ. ಆದ್ರೂ ಅವನು ನನಗಿಂತ ತಿಂಗಳಿಗೆ 500 ಜಾಸ್ತಿ ಕೊಟ್ಟ. ಅದು ಯಾವ ಪಟ್ಟಿಯಾಗೂ ಇಲ್ಲ.

ಮುಂದಿನ ಭಾನುವಾರ ಕಥಿಯಾಗ ಒಂದು ಛತ್ರ ತಂದೆ. ಸಾಧಾರಣ ಖೋಲಿಗೆ ಪುಸ್ತಕದ ದರನೇ, 5 ಬೆಳ್ಳಿ. ಛತ್ರದವ ಬಾಗಿಲಾಗ ನಿಂತು, “ಹಾಫ್-ಆರ್ಕ್‌ಗೆ ಜಾಗ ಇಲ್ಲ, ಉಳಿದವರು ಬರ್ರಿ” ಅಂದ. ದಾಳ ಉರುಳಿಸಂಗಿಲ್ಲ, ಏನು ಮಾಡ್ತೀರಿ ಅಂತ ನೀವೇ ಹೇಳಬೇಕು ಅಂದೆ.

ಎಲ್ಫ್ ಆಡೋನು ಒಂದು ಕ್ಷಣನೂ ತಡ ಮಾಡಲಿಲ್ಲ: “ನಡೀರಿ, ಎಲ್ಲರೂ ಹೊರಗೇ ಮಲಗೋಣು.”

ಎಷ್ಟು ಸಣ್ಣ ಮಾತು ನೋಡ್ರಿ. ಅವತ್ತು ಯಾದಗಿರಿಯಾಗ ಅದನ್ನ ನಾನು ಹೇಳಬೇಕಾಗಿತ್ತು. ಆಟ ಮುಗಿದ ಮ್ಯಾಲ ಅವನಿಗೆ ಅಷ್ಟು ಹೇಳಿದೆ. ಅವನು ಜರಾ ಹೊತ್ತು ಮೊಬೈಲ್ ನೋಡ್ಕೋತ ಕೂತ. ಆಮ್ಯಾಲ, “ಗೊತ್ತದಲೇ. ಚಾ ರೊಕ್ಕ ನೀ ಕೊಡು” ಅಂದ.

ಈ ಜೂನ್‌ನ್ಯಾಗ ನಿಮ್ಮೊಳಗ ಭಾಳ ಮಂದಿ ಖೋಲಿ ಹುಡುಕ್ತೀರಿ. ದೋಸ್ತನ ಜೋಡಿ ಹೋದ್ರ, ಬಾಗಿಲಾಗ ಅವನನ್ನ ಏನು ಕೇಳ್ತಾರ ಅನ್ನೋದನ್ನೂ ಕೇಳಿಸ್ಕೋರಿ. ಬರ್ತೀನ್ರಿ, ಮುಂದಿನ ವಾರ ಸಿಗೋಣ.